ರವಿವಾರದ ಗಿಟಾರ್ ಅಣ್ಣಾರು

ಬಾಗಲಕೋಟೆಯ ನವನಗರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಎಫ್‌ಎಂ ಸ್ಟೇಷನ್ ಇತ್ತು. ಕಟ್ಟಡ ಈಗಲೂ ಇದೆ. ನಾವು ಕೂತು ಮಾತಾಡುತ್ತಿದ್ದ ಕೋಣೆಯಲ್ಲಿ ಈಗ ಪೊಲೀಸ್ ಪರೀಕ್ಷೆಗೆ ಕೋಚಿಂಗ್ ಕೊಡುತ್ತಾರೆ. ಗೋಡೆಗೆ ಅಂಟಿಸಿದ್ದ ಸ್ಪಂಜನ್ನು ಕಿತ್ತು ಹಾಕಿದ್ದಾರೆ, ಅಂಟಿನ ಕಲೆ ಹಾಗೇ ಉಳಿದಿದೆ ಎಂದು ಅಲ್ಲಿಗೆ ಹೋಗುವ ನನ್ನ ಸೋದರತ್ತೆಯ ಮಗ ಹೇಳಿದ. ನಾನು ಹೋಗಿ ನೋಡಿಲ್ಲ.

ಡಿಗ್ರಿ ಮುಗಿಸಿದ ವರ್ಷವೇ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಜಾಹೀರಾತು ಓದುವುದು, ಕೇಳುಗರು ಬಯಸಿದ ಸಿನಿಮಾ ಹಾಡು ಹಾಕುವುದು, ನಡುನಡುವೆ ಹುಟ್ಟುಹಬ್ಬದ ಶುಭಾಶಯ ಹೇಳುವುದು ನನ್ನ ಪಾಲಿಗೆ ಬಂದಿತ್ತು. ನಾವೆಲ್ಲ ಚಿಕ್ಕ ವಯಸ್ಸಿನವರು. ನಮ್ಮ ನಡುವೆ ಒಬ್ಬರು ಮಾತ್ರ ಐವತ್ತರ ಹತ್ತಿರ ಇದ್ದರು. ಅವರನ್ನು ಎಲ್ಲರೂ ಅಣ್ಣಾರು ಎಂದೇ ಕರೆಯುತ್ತಿದ್ದೆವು.

ಅಣ್ಣಾರು ಇಳಕಲ್ಲಿನ ನೇಕಾರರ ಮನೆಯವರು. ಅವರ ತಂದೆ ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಇಡೀ ಆಯುಷ್ಯ ಸೀರೆ ನೇಯ್ದವರು. ಮಗ್ಗದ ಪಕ್ಕದ ಗೂಡಿನಲ್ಲಿ ಒಂದು ಹಳೆಯ ರೇಡಿಯೋ ಇತ್ತಂತೆ. ಹುಡುಗನಾಗಿದ್ದಾಗ ಅದರ ಮುಳ್ಳು ತಿರುವುತ್ತಾ ತಿರುವುತ್ತಾ ಯಾವುದೋ ದೂರದ ದೇಶದ ಸ್ಟೇಷನ್ ಸಿಕ್ಕು, ಗಿಟಾರಿನ ದನಿಯನ್ನು ಮೊದಲ ಸಲ ಅಲ್ಲೇ ಕೇಳಿದ್ದಂತೆ. ಹಾಡಿನ ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ಯಾರೋ ತನ್ನ ಹೆಸರು ಹಿಡಿದು ಕರೆದಂತಾಯಿತು ಎಂದು ಹೇಳುತ್ತಿದ್ದರು. ಆಮೇಲೆ ಬೆಂಗಳೂರಿಗೆ ಹೋಗಿ, ರೇಡಿಯೋದಲ್ಲಿ ಕೆಲಸ ಹಿಡಿದು, ವರ್ಷಾನುಗಟ್ಟಲೆ ರಾಕ್ ಹಾಡುಗಳ ಕಾರ್ಯಕ್ರಮ ನಡೆಸಿದರು. ಅಲ್ಲಿ ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ಬಾಗಲಕೋಟೆಯಲ್ಲಿ ಸ್ಟೇಷನ್ ಆಗುತ್ತದೆ ಎಂದು ಕೇಳಿದ ಕೂಡಲೇ, ಗೆಳೆಯರು ಬೇಡವೆಂದರೂ ಕೇಳದೆ ಬಂದುಬಿಟ್ಟರು. ಆ ಹಾಡುಗಳನ್ನು ತಮ್ಮೂರ ಮಾತಿನಲ್ಲಿ ಹೇಳಬೇಕೆಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತು.

ರವಿವಾರ ಸಂಜೆ ಒಂದು ತಾಸು ಅವರದು. ಒಂದು ಹಾಡು ಹಾಕುವ ಮುಂಚೆ ಅದರ ಕತೆ ಹೇಳುತ್ತಿದ್ದರು. ಊರು ಬಿಟ್ಟು ಹೋದವನ ಹಾಡಾದರೆ ಆ ಮನುಷ್ಯ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲೇ ನಿಂತಿದ್ದಾನೆ ಅನ್ನಿಸಬೇಕು, ಹಾಗೆ ಹೇಳುತ್ತಿದ್ದರು. ಕತೆ ಮುಗಿಸಿ ಗಪ್ಪಾಗುತ್ತಿದ್ದರು. ಗಿಟಾರು ಶುರುವಾದ ಮೇಲೆ ಅವರ ಬಾಯಿಂದ ಒಂದಕ್ಷರ ಬರುತ್ತಿರಲಿಲ್ಲ. ನಾವೋ, ಹಾಡುವವನು ಬಾಯಿ ತೆರೆಯುವವರೆಗೂ ಬಡಬಡಿಸುತ್ತಲೇ ಇರುವವರು. ಒಮ್ಮೆ ನಾನು ಹಾಗೆ ಮಾಡಿದಾಗ ಗಾಜಿನ ಆಚೆಯಿಂದ ನೋಡುತ್ತಿದ್ದ ಅಣ್ಣಾರು ಒಳಗೆ ಬಂದು ಹೇಳಿದ ಮಾತು ನೆನಪಿದೆ.

"ಹಾಡು ಬಾಗಲದಾಗ ಬಂದು ನಿಂತೈತಿ ತಂಗಿ. ನೀ ಸರದು ಹಾದಿ ಬಿಡು."

ಅವರು ಕಿವಿಗೆ ಹಾಕುತ್ತಿದ್ದ ಹೆಡ್‌ಫೋನಿನ ಸದ್ದು ಎಷ್ಟು ಜೋರಿರುತ್ತಿತ್ತು ಎಂದರೆ ಮೂರು ಮಾರು ದೂರದಲ್ಲಿ ಕೂತ ನನಗೂ ಡ್ರಮ್ಮಿನ ಪೆಟ್ಟು ಕೇಳುತ್ತಿತ್ತು. ಸದ್ದು ಇಳಿಸಿಕೊಳ್ಳಿ ಎಂದರೆ ನಗುತ್ತಿದ್ದರು. ಮೆಲ್ಲಗೆ ಕೇಳಿದರೆ ಅದು ರಾಕ್ ಹೇಗಾದೀತು ಎನ್ನುತ್ತಿದ್ದರು. ಬೆಂಗಳೂರಿನಲ್ಲೂ ಹೀಗೇ ಕೇಳಿದವರು. ಮೂವತ್ತು ವರ್ಷ ಹೀಗೇ ಕೇಳಿದವರು.

ಆ ಹಾಡುಗಳನ್ನು ನಮ್ಮ ಕಡೆ ಯಾರು ಕೇಳುತ್ತಾರೆ ಎಂದು ನಾವೇ ಹಿಂದೆ ನಗುತ್ತಿದ್ದೆವು. ಆದರೆ ಕೇಳುವವರಿದ್ದರು. ಗುಡೂರಿನ ಒಬ್ಬ ಹುಡುಗ ಪ್ರತಿ ರವಿವಾರ ತಪ್ಪದೆ ಫೋನ್ ಮಾಡುತ್ತಿದ್ದ. ಕುರಿ ಸಾಕುವ ಮನೆತನ, ಬೀರಪ್ಪನ ಒಕ್ಕಲು, ಮನೆಯಲ್ಲಿ ಎಲ್ಲರೂ ಡೊಳ್ಳು ಬಾರಿಸುವವರು. ಒಂದು ದಿನ ಅವನು ಫೋನಿನಲ್ಲಿ, ತನ್ನ ಮುತ್ಯಾನಿಗೆ, ಎಂದರೆ ಅಜ್ಜನಿಗೆ, ಡ್ರಮ್ಮಿನದೊಂದು ಹಾಡು ಕೇಳಿಸಿದೆನೆಂದೂ, ಮುತ್ಯಾ ಕಣ್ಣು ಮುಚ್ಚಿ ಪೂರ್ತಿ ಕೇಳಿ "ಕೈ ಚಲೋ ಐತಿ, ಯಾವೂರಾಂವ?" ಎಂದು ವಿಚಾರಿಸಿದನೆಂದೂ ಹೇಳಿದ. ಅಣ್ಣಾರು ಇಡೀ ವಾರ ಆ ಮಾತನ್ನು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದರು. ಚಹಾದ ಅಂಗಡಿಯವನಿಗೂ ಹೇಳಿದರು. ಅಷ್ಟು ಖುಷಿಯಾಗಿದ್ದನ್ನು ನಾನು ಆಮೇಲೆ ನೋಡಲಿಲ್ಲ.

ಸ್ಟೇಷನ್ ಬೇರೆಯವರ ಕೈಗೆ ಹೋಯಿತು. ಬೆಂಗಳೂರಿನಿಂದ ಒಬ್ಬ ಹೊಸ ಮ್ಯಾನೇಜರ್ ಬಂದ. ಸಣ್ಣ ವಯಸ್ಸು, ಮೆತ್ತಗಿನ ಮಾತು, ಎಲ್ಲರಿಗೂ ಬಹುವಚನ. ಇನ್ನು ಮುಂದೆ ಹೆಚ್ಚಿನ ಕಾರ್ಯಕ್ರಮ ಅಲ್ಲಿಂದಲೇ ತಯಾರಾಗಿ ಬರುತ್ತವೆ, ಇಲ್ಲಿ ಬರೀ ಜಾಹೀರಾತು ಸೇರಿಸಿದರೆ ಸಾಕು ಎಂದ. ಮೊದಲು ಹೋಗಿದ್ದು ರವಿವಾರದ ತಾಸು. ಕೊನೆಯ ಕಾರ್ಯಕ್ರಮವೆಂದು ಕೇಳುಗರಿಗೆ ಹೇಳಬಾರದು, ಹೇಳಿದರೆ ಹೆಸರು ಕೆಡುತ್ತದೆ ಎಂದು ತಾಕೀತು ಮಾಡಿದ್ದ. ಅಣ್ಣಾರು ಹೇಳಲಿಲ್ಲ. ಎಂದಿನಂತೆ ಕತೆ ಹೇಳಿದರು, ಹಾಡು ಹಾಕಿದರು. ಕೊನೆಗೆ ಪ್ರತಿ ವಾರ ಹೇಳುವ "ಮುಂದಿನ ಐತವಾರ ಬರ್ತೇನಿ" ಎಂಬ ಮಾತನ್ನು ಬಿಟ್ಟು, ಮೈಕ್ ಬಂದ್ ಮಾಡಿ ಎದ್ದರು. ಮುಂದಿನ ವಾರ ಗುಡೂರಿನ ಹುಡುಗ ಫೋನ್ ಮಾಡಿದಾಗ ನಾನೇ ಎತ್ತಿದೆ. ಅಣ್ಣಾರಿಗೆ ಆರಾಮಿಲ್ಲವೇ ಎಂದು ಕೇಳಿದ. ಆರಾಮಿದ್ದಾರೆ, ಕಾರ್ಯಕ್ರಮ ಇಲ್ಲ ಎಂದೆ. ಫೋನ್ ಇಟ್ಟುಬಿಟ್ಟ.

ವರ್ಷ ತುಂಬುವುದರೊಳಗೆ ಉಳಿದ ನಾವೂ ಹೊರಗೆ ಬಿದ್ದೆವು. ಒಬ್ಬ ಗದ್ದನಕೇರಿ ಕ್ರಾಸಿನಲ್ಲಿ ಪ್ಲಾಟು ಮಾರುತ್ತಾನೆ. ಇನ್ನೊಬ್ಬ ಮದುವೆಗಳಲ್ಲಿ ಮೈಕ್ ಹಿಡಿದು, ಈಗ ವಧುವಿನ ಸೋದರಮಾವ ವೇದಿಕೆಗೆ ಬರಬೇಕು ಎನ್ನುತ್ತಾನೆ. ನಾನು ನವನಗರದ ಒಂದು ಖಾಸಗಿ ದವಾಖಾನೆಯ ಕೌಂಟರಿನಲ್ಲಿ ಕೂತೆ, ಈಗಲೂ ಅಲ್ಲೇ ಇದ್ದೇನೆ. ಟೋಕನ್ ನಂಬರ್ ಕೂಗುವುದು, ಯಾವ ಕೋಣೆಗೆ ಹೋಗಬೇಕೆಂದು ಹೇಳುವುದು ನನ್ನ ಕೆಲಸ. ದನಿ ಚೆನ್ನಾಗಿದೆ ಎಂದು ಒಂದು ಸಣ್ಣ ಮೈಕ್ ಕೊಟ್ಟಿದ್ದಾರೆ.

ಅಣ್ಣಾರು ಇಳಕಲ್ಲಿಗೆ ಮರಳಿದರು. ಅವರ ಹೆಂಡತಿ, ನಾನು ವೈನಿ ಎಂದು ಕರೆಯುವವರು, ಮನೆಯಲ್ಲೇ ರವಿಕೆ ಹೊಲಿದು, ಸೀರೆಗೆ ಕುಚ್ಚು ಕಟ್ಟಿ ಸಂಸಾರ ಹಿಡಿದಿದ್ದರು. ಮಕ್ಕಳಿರಲಿಲ್ಲ. ಅಣ್ಣಾರು ಒಂದಷ್ಟು ದಿನ ಉತ್ಸಾಹದಿಂದಲೇ ಇದ್ದರು. ಮಹಡಿಯ ಕೋಣೆಯಲ್ಲಿ ಕೌದಿಗಳನ್ನು ಗೋಡೆಗೆ ತೂಗುಹಾಕಿ ಅದನ್ನೇ ಸ್ಟುಡಿಯೋ ಮಾಡಿಕೊಂಡು, ರವಿವಾರದ ಕಾರ್ಯಕ್ರಮವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಬಿಡತೊಡಗಿದರು. ಎರಡು ಮೂರು ವಾರ ನಡೆಯಿತು. ಆಮೇಲೆ ಹಾಡಿನ ಹಕ್ಕು ನಿಮ್ಮದಲ್ಲ ಎಂದು ಆ ಜಾಲತಾಣದ ಯಂತ್ರವೇ ಕಂಡುಹಿಡಿದು ಹಾಡುಗಳ ಸದ್ದನ್ನೆಲ್ಲ ಅಳಿಸಿಬಿಟ್ಟಿತು. ನಾನು ತೆರೆದು ಕೇಳಿದೆ. ಅಣ್ಣಾರು ಕತೆ ಹೇಳಿ, ಈಗ ಕೇಳ್ರಿ ಅನ್ನುತ್ತಾರೆ. ಆಮೇಲೆ ಐದು ನಿಮಿಷ ಏನೂ ಇಲ್ಲ. ಮತ್ತೆ ಅವರ ದನಿ ಬಂದು, ಹೆಂಗಿತ್ತು ಎಂದು ಕೇಳುತ್ತದೆ.

ಆಮೇಲೆ ಅವರು ಕರೆದಲ್ಲಿಗೆಲ್ಲ ಹೋದರು. ಒಮ್ಮೆ ನಾನು ಹುನಗುಂದದಲ್ಲಿ ದೊಡ್ಡಮ್ಮನ ಮನೆಗೆ ಹೋಗಿದ್ದಾಗ, ಬಜಾರದ ಆಚೆ ತುದಿಯಿಂದ ಅವರ ದನಿ ಕೇಳಿಸಿತು. ದನಿಯನ್ನು ಹಿಡಿದುಕೊಂಡೇ ಹೋದೆ. ಒಂದು ಕಲ್ಯಾಣ ಮಂಟಪದಲ್ಲಿ ಬಟ್ಟೆಗಳ ರಿಯಾಯಿತಿ ಮಾರಾಟ ನಡೆದಿತ್ತು. ಬಾಗಿಲಲ್ಲಿ ಸ್ಟೂಲಿನ ಮೇಲೆ ನಿಂತು, ಬೆಡ್‌ಶೀಟಿಗೆ ದಿಂಬಿನ ಕವರು ಪುಕ್ಕಟೆ ಎಂದು ಹೇಳುತ್ತಿದ್ದರು. ನನ್ನನ್ನು ಕಂಡು ಮುಖ ತಪ್ಪಿಸಲಿಲ್ಲ. ನೋಡ್ರಿ, ರೇಡಿಯೋದ ತಂಗಿ ಬಂದಾಳ, ಅಕಿ ಸುದ್ದಾ ಬೆಡ್‌ಶೀಟ್ ಒಯ್ತಾಳ ಎಂದು ಮೈಕಿನಲ್ಲೇ ಹೇಳಿದರು. ಜನ ತಿರುಗಿ ನೋಡಿದರು. ನಾನು ಒಳಗೆ ಹೋಗಿ ಒಂದು ಬೆಡ್‌ಶೀಟ್ ಕೊಂಡೆ. ಹೊರಗೆ ಬಂದು ಅವರನ್ನು ಮಾತಾಡಿಸಿದೆ. ಅವರು ನನ್ನ ಬಾಯಿಯನ್ನೇ ದಿಟ್ಟಿಸುತ್ತಾ, ನಾನು ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರು. ಮೈಕಿನ ಗದ್ದಲಕ್ಕೆ ಕೇಳಿಸಿಲ್ಲ ಎಂದುಕೊಂಡೆ.

ನಿಜ ಗೊತ್ತಾಗಿದ್ದು ನಮ್ಮ ದವಾಖಾನೆಯಲ್ಲಿ. ಒಂದು ಸೋಮವಾರ, ಕಿವಿಯ ಡಾಕ್ಟರು ಬರುವ ದಿನ, ಕಾಯುವ ಹಾಲ್ ಜನರಿಂದ ತುಂಬಿಹೋಗಿತ್ತು. ಒಂದು ನಂಬರ್ ಕೂಗಿದೆ, ಯಾರೂ ಏಳಲಿಲ್ಲ. ಮತ್ತೆ ಕೂಗಿದೆ. ಮೈಕ್ ಕೆಟ್ಟಿದೆಯೇ ಎಂದು ಬೆರಳಿನಿಂದ ತಟ್ಟಿ ಇನ್ನೊಮ್ಮೆ ಕೂಗಿದೆ. ಆಗ ಕಂಬದ ಪಕ್ಕದ ಕುರ್ಚಿಯಲ್ಲಿ ಅಣ್ಣಾರು ಕಂಡರು. ಬಿಳಿ ಅಂಗಿ, ತಲೆ ಬಾಚಿಕೊಂಡು ನೀಟಾಗಿ ಬಂದಿದ್ದರು. ಕೈಯಲ್ಲಿ ಟೋಕನ್ ಚೀಟಿ ಹಿಡಿದು ಅದನ್ನೇ ನೋಡುತ್ತಾ ಕೂತಿದ್ದರು. ತಲೆಯ ಮೇಲೇ ಸ್ಪೀಕರ್ ಇತ್ತು. ಆ ಸ್ಪೀಕರಿನಲ್ಲಿ ಬರುತ್ತಿದ್ದ ದನಿಯನ್ನು ತಿದ್ದಿ ತೀಡಿದವರು ಅವರೇ. ನಾನು ಎದ್ದು ಹೋಗಿ ಭುಜ ಮುಟ್ಟಿದೆ. ಬೆಚ್ಚಿ ನೋಡಿ, ನಕ್ಕು, "ನೀ ಇಲ್ಲೇ ಇರ್ತೀಯೇನು?" ಎಂದರು. ನಾನು ಅಲ್ಲಿ ಕೆಲಸ ಮಾಡುವುದು ಅವರಿಗೆ ಮೊದಲೇ ಗೊತ್ತಿತ್ತು. ಮಾತಿಗೆ ಹಾಗೆ ಕೇಳಿದ್ದರು.

ಡಾಕ್ಟರ ಮುಂದೆ ನಾನೂ ಕೂತೆ. ಕಿವಿಯ ಒಳಗಿನ ನರ ಸತ್ತಿವೆ, ಮೂವತ್ತು ವರ್ಷ ಹೆಡ್‌ಫೋನಿನಲ್ಲಿ ಜೋರು ಸದ್ದು ಕೇಳಿದ್ದರ ಫಲ, ಹೋದದ್ದು ತಿರುಗಿ ಬರುವುದಿಲ್ಲ ಎಂದು ಅವರು ಸಮಾಧಾನದಿಂದಲೇ ತಿಳಿಸಿದರು. ಕಿವಿಗೆ ಯಂತ್ರ ಹಾಕಿಕೊಂಡರೆ ಎದುರಿಗೆ ಕೂತವರ ಮಾತು ಸುಮಾರಾಗಿ ಕೇಳಿಸೀತು. ಸಣ್ಣ ದನಿ, ಏರು ದನಿಗಳು ಕಷ್ಟ. ಅಣ್ಣಾರು ಎಲ್ಲಕ್ಕೂ ತಲೆಯಾಡಿಸಿದರು. ಕಿವಿಯಲ್ಲಿ ಯಾವಾಗಲೂ ಒಂದು ಸೀಟಿ ಊದಿದ ಹಾಗಿರುತ್ತದೆ, ಅದಾದರೂ ನಿಂತೀತೇ ಎಂದು ಕೇಳಿದರು. ಅದೂ ನಿಲ್ಲುವುದಿಲ್ಲ ಎಂದರು ಡಾಕ್ಟರು. ಸಂಗೀತದ ಸುದ್ದಿಯನ್ನು ಅಣ್ಣಾರು ಎತ್ತಲೇ ಇಲ್ಲ. ನಾನು ಕೇಳಿದೆ. ಡಾಕ್ಟರು ಸ್ವಲ್ಪ ಯೋಚಿಸಿ, ಯಂತ್ರ ಮಾತಿಗಾಗಿ ಮಾಡಿದ್ದು ಎಂದರು.

ಯಂತ್ರ ಬಂತು. ವಾರ ಕಳೆದ ಮೇಲೆ ಅಣ್ಣಾರು ಫೋನ್ ಮಾಡಿದರು. ವೈನಿಯ ಮಾತು, ಹೊಲಿಗೆ ಮಷೀನಿನ ಸದ್ದು, ಹೊರಗೆ ತರಕಾರಿಯವನ ಕೂಗು ಎಲ್ಲ ಕೇಳಿಸುತ್ತದೆ ಎಂದರು. ಹಾಡು ಹಾಕಿ ಕೇಳಿದರಂತೆ. ಡಬರಿಯಲ್ಲಿ ಚಮಚ ಹಾಕಿ ಅಲ್ಲಾಡಿಸಿದಂತಿತ್ತು ಎಂದು ಹೇಳಿ ಮಾತು ಬದಲಿಸಿದರು.

ಗುಡೂರಿನ ಆ ಹುಡುಗ ಈಗ ಬಾದಾಮಿಯಲ್ಲಿ ಒಂದು ಸಣ್ಣ ಹೋಟೆಲ್ ಇಟ್ಟಿದ್ದಾನೆ. ಬಂಡೆ ಹತ್ತಲು ಬರುವ ಹುಡುಗರು, ಪಟ್ಟದಕಲ್ಲು ನೋಡಲು ಬರುವ ಪ್ರವಾಸಿಗಳು ಅವನ ಗಿರಾಕಿಗಳು. ಅವನು ಹೇಗೋ ನನ್ನ ನಂಬರ್ ಹುಡುಕಿ ಫೋನ್ ಮಾಡಿದ. ಹೋಟೆಲಿನ ಹಿತ್ತಲಲ್ಲಿ ಧಾರವಾಡದ ಕಾಲೇಜು ಹುಡುಗರಿಂದ ರಾಕ್ ಹಾಡಿನ ಕಾರ್ಯಕ್ರಮ ಇಟ್ಟುಕೊಂಡಿದ್ದಾನೆ, ಹಾಡಿಗೆ ಮೊದಲು ಅಣ್ಣಾರು ಹಿಂದಿನಂತೆ ಕತೆ ಹೇಳಬೇಕು. ಅವರ ಬಾಯಿಂದ ಕೇಳಿಯೇ ನನಗೆ ಈ ಹುಚ್ಚು ಹಿಡಿದದ್ದು ಅಕ್ಕಾ ಎಂದ. ಕಿವಿಯ ಸಂಗತಿ ತಿಳಿಸಿದೆ. ಅವರು ಕೇಳುವುದು ಬೇಡ, ಹೇಳಿದರೆ ಸಾಕು ಎಂದ. ಅದು ನನಗೂ ಸರಿ ಅನ್ನಿಸಿತು. ಅಣ್ಣಾರಿಗೆ ಹೇಳಿದಾಗ ಅವರ ದನಿಯಲ್ಲಿ ಹಳೆಯ ಗೆಲುವು ಬಂತು. ಯಾವ ಯಾವ ಹಾಡು ಎಂದು ಮತ್ತೆ ಮತ್ತೆ ಕೇಳಿದರು.

ಆ ದಿನ ಅವರು ಬಾಗಲಕೋಟೆಗೆ ಬಂದರು. ಇಬ್ಬರೂ ಬಸ್ಸಿನಲ್ಲಿ ಬಾದಾಮಿಗೆ ಹೋದೆವು. ದಾರಿಯುದ್ದಕ್ಕೂ ಹೇಳಬೇಕಾದ ಕತೆಗಳನ್ನು ನನ್ನೆದುರು ಹೇಳಿ ನೋಡಿದರು. ಹೋಟೆಲಿನ ಹುಡುಗ, ಈಗ ಹುಡುಗನಲ್ಲ, ಮೀಸೆ ಬಿಟ್ಟ ದೊಡ್ಡ ಆಳು, ಅಣ್ಣಾರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಬಿಸಿಲು ಇಳಿಯುತ್ತಿತ್ತು. ಹಿತ್ತಲಲ್ಲಿ ಒಂದು ಪುಟ್ಟ ವೇದಿಕೆ, ಒಂದಷ್ಟು ಕುರ್ಚಿ, ಕಾಲೇಜು ಹುಡುಗ ಹುಡುಗಿಯರು, ಕೆಲವು ಪ್ರವಾಸಿಗಳು. ದೊಡ್ಡ ಸ್ಪೀಕರುಗಳನ್ನು ಹಚ್ಚಿ ಪರೀಕ್ಷೆ ಮಾಡುವಾಗ ಅಣ್ಣಾರು ಮುಖ ಕಿವುಚಿದರು. ಯಂತ್ರ ಕಿವಿಯಲ್ಲಿ ಚೀರುತ್ತಿರಬೇಕು. ಎರಡನ್ನೂ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು.

ಮೊದಲ ಐದು ನಿಮಿಷ ಅವರು ಮಾತಾಡಿದ್ದನ್ನು ಕೇಳಿ ನನ್ನ ಕಣ್ಣು ತುಂಬಿದವು. ದನಿ ಕಿಂಚಿತ್ತೂ ಕೆಟ್ಟಿರಲಿಲ್ಲ. ಮಳೆಯಲ್ಲಿ ನಿಂತ ಒಬ್ಬ ಲಾರಿ ಡ್ರೈವರನ ಕತೆ ಹೇಳುತ್ತಿದ್ದರು. ಹುಡುಗರು ಗಪ್ಪಾಗಿ ಕೇಳುತ್ತಿದ್ದರು. ನಡುವೆ ಅಣ್ಣಾರು ಒಂದು ಕ್ಷಣ ನಿಂತರು. ಕತೆ ಮುಗಿಯಿತೆಂದು ತಿಳಿದು ಹಿಂದೆ ನಿಂತಿದ್ದ ಹುಡುಗ ಗಿಟಾರು ಶುರುಮಾಡಿದ, ಮೆಲ್ಲಗೆ, ಸಣ್ಣ ತಂತಿಯ ಮೇಲೆ. ಅಣ್ಣಾರು ಅವನಿಗೆ ಬೆನ್ನು ಮಾಡಿ ನಿಂತಿದ್ದರು. ಮಾತು ಮುಂದುವರಿಸಿದರು.

ಹುಡುಗ ನಿಲ್ಲಿಸಿದ. ಅಣ್ಣಾರು ಮತ್ತೆ ಉಸಿರು ತೆಗೆದುಕೊಳ್ಳಲು ನಿಂತಾಗ ಮತ್ತೆ ಶುರುಮಾಡಿದ. ಅಣ್ಣಾರು ಮತ್ತೆ ಮಾತಾಡಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ನಾಲ್ಕಾರು ಜನ ನಕ್ಕರು. ಆ ನಗುವ ಮುಖಗಳನ್ನು ಕಂಡು, ತಮ್ಮ ಮಾತಿಗೇ ನಗುತ್ತಿದ್ದಾರೆಂದು ಅಣ್ಣಾರೂ ನಕ್ಕರು. ಲಾರಿ ಡ್ರೈವರನ ಬಗ್ಗೆ ಇನ್ನೊಂದು ತಮಾಷೆ ಸೇರಿಸಿದರು. ಕತೆ ಬೆಳೆಸಿದರು. ಗಿಟಾರಿನ ಹುಡುಗ ಏನು ಮಾಡಬೇಕೆಂದು ತಿಳಿಯದೆ ಬಾರಿಸುತ್ತಲೇ ಇದ್ದ. ಹಾಡುವವನು ಹಾಡಲೂ ಶುರುಮಾಡಿದ. ಅಣ್ಣಾರು ಆ ಹಾಡಿನ ಮೇಲೆ ನಿಂತು ಮಾತಾಡುತ್ತಲೇ ಇದ್ದರು.

ನಾನು ಎದ್ದು ಹೋಗಿ ಅವರ ತೋಳು ಹಿಡಿದೆ. ಏನು ಎಂಬಂತೆ ನನ್ನನ್ನು ನೋಡಿ, ಆಮೇಲೆ ಹಿಂದೆ ತಿರುಗಿದರು. ಹುಡುಗನ ಬೆರಳುಗಳು ತಂತಿಯ ಮೇಲೆ ಆಡುತ್ತಿದ್ದವು. ಅಣ್ಣಾರು ಆ ಬೆರಳುಗಳನ್ನು ನೋಡುತ್ತಾ ನಿಂತರು. ಮೈಕನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲು ಇಳಿದರು. ಹೋಟೆಲಿನವನು ಓಡಿ ಬಂದು, ಊಟ ಮಾಡಿ ಹೋಗಿ, ನಾನೇ ಇಳಕಲ್ಲಿಗೆ ಬಿಟ್ಟು ಬರುತ್ತೇನೆ ಎಂದು ಕೈ ಹಿಡಿದುಕೊಂಡ. ಅಣ್ಣಾರು ಅವನ ಬೆನ್ನು ಸವರಿ, ಬಸ್‌ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು.

ನಾನೂ ಹಿಂದೆಯೇ ಹೋಗಿ ಬಸ್ಸು ಹತ್ತಿದೆ. ಬಸ್ಸು ಗುಳೇದಗುಡ್ಡ ದಾಟಿತು. ಆಮೇಲೆ ಯಂತ್ರಗಳನ್ನು ಕಿವಿಗೆ ಹಾಕಿಕೊಂಡು, "ಜನ ನಕ್ಕರಲ್ಲ, ಖುಷಿ ಆಗ್ಯಾರ ಅಂದ್ಕೊಂಡೆ," ಎಂದರು. ನಾನು ಏನಾದರೂ ಹೇಳುವುದರೊಳಗೆ ಯಂತ್ರಗಳನ್ನು ಮತ್ತೆ ತೆಗೆದಿಟ್ಟುಕೊಂಡರು.

ಎರಡು ತಿಂಗಳಾದ ಮೇಲೆ ವೈನಿಯ ಫೋನ್ ಬಂತು. ಒಮ್ಮೆ ಬಂದು ಹೋಗು ಎಂದರು. ರಜೆ ಹಾಕಿ ಇಳಕಲ್ಲಿಗೆ ಹೋದೆ. ಅಣ್ಣಾರು ಮನೆಯಲ್ಲಿರಲಿಲ್ಲ. ಪಕ್ಕದ ಓಣಿಯ ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದಾರೆಂದು ವೈನಿ ಹೇಳಿದರು. ಕಟ್ಟುತ್ತಿದ್ದ ಕುಚ್ಚನ್ನು ಬದಿಗಿಟ್ಟರು.

"ಯಂತ್ರ ಡಬ್ಬ್ಯಾಗ ಇಟ್ಟುಬಿಟ್ಟಾರ ನೋಡವಾ. ನಾ ಏನರ ಕೇಳಿದ್ರ ಹ್ಞೂಂ ಅಂತಾರ. ಕೇಳಿಸೇತೋ ಇಲ್ಲೋ ಗೊತ್ತಾಗೂದಿಲ್ಲ. ಮೊದ್ಲ ನಾ ಅಡಗಿ ಮನ್ಯಾಗ ಹಾಡಿದ್ರ ಸುರ ತಪ್ಪೇತಿ ಅಂತ ಅಲ್ಲಿಂದನ ಹೇಳ್ತಿದ್ರು. ಸಿಟ್ಟ ಬರ್ತಿತ್ತು ನನಗ. ಈಗ ಬೇಕಂತನ ತಪ್ಪ ಹಾಡ್ತೇನಿ. ಏನೂ ಅನ್ನೂದಿಲ್ಲ."

ನೀನು ಅದೇ ಕೆಲಸದಲ್ಲಿದ್ದವಳು, ನಿನ್ನ ಮಾತು ಕೇಳಿಯಾರು, ಒಂದು ಸಲ ಹೇಳು ಎಂದರು.

ಶೆಡ್ಡಿಗೆ ಹೋದೆ. ಬಾಗಿಲಲ್ಲೇ ಎದೆಗೆ ಗುದ್ದಿದಂತೆ ಸದ್ದು. ಸಾಲಾಗಿ ಮಗ್ಗಗಳು, ಲಾಳಿಗಳ ಖಟಖಟ, ಒಳಗಿನವರು ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಅಣ್ಣಾರು ಮಗ್ಗದಿಂದ ಮಗ್ಗಕ್ಕೆ ನಡೆಯುತ್ತಾ, ಎಲ್ಲಾದರೂ ನೂಲು ಹರಿದಿದೆಯೇ ಎಂದು ನೋಡುತ್ತಿದ್ದರು. ಹರಿದಲ್ಲಿ ಬಗ್ಗಿ ಗಂಟು ಹಾಕುತ್ತಿದ್ದರು. ಕಿವಿಯಲ್ಲಿ ಹತ್ತಿ ಕೂಡ ಇರಲಿಲ್ಲ. ನನ್ನನ್ನು ಕಂಡು ಹೊರಗೆ ಬಂದರು. ಮೊಬೈಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದೆ, ಈ ಸದ್ದಿನಲ್ಲಿ ಉಳಿದದ್ದೂ ಹೋಗುತ್ತದೆ ಎಂದು. ಓದಿದರು.

"ಉಳದದ್ದನ್ನ ಇಟಗೊಂಡು ಏನ್ ಮಾಡ್ಲಿ ತಂಗಿ?" ಎಂದರು. "ಇಲ್ಲೆ ಯಾರಿಗೂ ಕೇಳ್ಸೂದಿಲ್ಲ. ನಾನೂ ಎಲ್ಲಾರ್ಗತೆ ಇರ್ತೇನಿ."

ನಾನು ಮೊಬೈಲನ್ನು ಚೀಲಕ್ಕೆ ಹಾಕಿಕೊಂಡೆ. ಅವರು ಮತ್ತೆ ಒಳಗೆ ಹೋದರು.

ಸಂಜೆ ಬಸ್‌ಸ್ಟ್ಯಾಂಡಿಗೆ ಕಳಿಸಲು ಅವರೇ ಬಂದರು. ಬಾಗಲಕೋಟೆಯ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಜಾಗ ಹಿಡಿದು ಕೂತೆ. ಬಸ್ಸು ತುಂಬಿತ್ತು. ಕಾಲೇಜು ಮುಗಿಸಿ ಹುನಗುಂದಕ್ಕೆ ಹೊರಟ ಹುಡುಗಿಯರು, ಸಂತೆಯ ಚೀಲ ಹಿಡಿದ ಹೆಂಗಸರು, ಎಲ್ಲರೂ ಮಾತಾಡುತ್ತಿದ್ದರು. ಅಣ್ಣಾರು ಕೆಳಗೆ ನಿಂತು ಕಿಟಕಿಯ ಸರಳು ಹಿಡಿದರು. ಏನೋ ಹೇಳಬೇಕೆಂದು ಹತ್ತಿರ ಬಂದು, ಯಾರಿಗೂ ಕೇಳಬಾರದೆಂಬಂತೆ ಅತ್ತಿತ್ತ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದರು.

"ನಿಮ್ಮ ವೈನಿ ಮುಂದ ಹೇಳಬ್ಯಾಡ. ದಿನಾ ಮಲಗುಮುಂದ ನನಗ ನಾಳೆ ಬೆಳಗಾಗೂದು ಬ್ಯಾಡ ಅನಸ್ತೈತಿ."

ಪಿಸುಮಾತಿನಲ್ಲಿ ಹೇಳಿದೆನೆಂದು ಅವರು ತಿಳಿದಿದ್ದರು. ಆದರೆ ಅದು ಸ್ಟುಡಿಯೋದ ದನಿಯಷ್ಟೇ ಗಟ್ಟಿಯಾಗಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಇಡೀ ಬಸ್ಸಿಗೆ ಕೇಳಿಸಿತು. ಹುಡುಗಿಯರು ಮಾತು ನಿಲ್ಲಿಸಿದರು. ಮುಂದಿನ ಸೀಟಿನ ಅಜ್ಜಿ ತಿರುಗಿ ಅವರನ್ನು ನೋಡಿದಳು. ಡ್ರೈವರನೂ ಕತ್ತು ಹೊರಳಿಸಿದ. ಇದೊಂದೂ ಅವರಿಗೆ ತಿಳಿಯಲಿಲ್ಲ. ನನ್ನೊಬ್ಬಳಿಗೇ ಹೇಳಿದ ಸಮಾಧಾನದಲ್ಲಿ ನನ್ನ ಮುಖವನ್ನೇ ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದರು. ಮೆಲ್ಲಗೆ ಮಾತಾಡಿ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಸರಳಿನ ಮೇಲಿದ್ದ ಅವರ ಕೈಯನ್ನು ಹಿಡಿದುಕೊಂಡೆ. ಕಂಡಕ್ಟರ್ ಸ್ವಲ್ಪ ಹೊತ್ತು ಸೀಟಿ ಊದದೆ ನಿಂತಿದ್ದ. ಆಮೇಲೆ ಊದಿದ.

ಬಸ್ಸು ಹೊರಟ ಮೇಲೆ ವೈನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹೇಳಬೇಡವೆಂದ ಮಾತನ್ನೂ ಹೇಳಿದೆ. ಗೊತ್ತೈತಿ ಎಂದು ಹೇಳಿ ಅವರು ಫೋನ್ ಇಟ್ಟರು. ಈಗ ತಿಂಗಳಿಗೊಮ್ಮೆ ಇಳಕಲ್ಲಿಗೆ ಹೋಗುತ್ತೇನೆ. ನಮ್ಮ ದವಾಖಾನೆಗೆ ಬರುವ ಮನಸ್ಸಿನ ಡಾಕ್ಟರ ಹತ್ತಿರ ಒಮ್ಮೆ ಅಣ್ಣಾರನ್ನು ಕರೆತಂದೆ. ಅವರು ಕೊಟ್ಟ ಗುಳಿಗೆಯನ್ನು ವೈನಿ ತಪ್ಪದೆ ನುಂಗಿಸುತ್ತಾರೆ. ಬಲಗಿವಿ ಈಗ ಪೂರ್ತಿ ಹೋಗಿದೆ. ಶೆಡ್ಡಿಗೆ ಹೋಗುವುದನ್ನು ಅಣ್ಣಾರು ಬಿಟ್ಟಿಲ್ಲ.